ಸ್ಟೀರಿಂಗ್ ಮೇಲಿನ ಬೆರಳು

ಮೂವತ್ತು ವರ್ಷಕ್ಕೂ ಮೇಲೆ ಶಾಸನಸಭೆಯಲ್ಲಿ ಕೂತವನು ಕೈ ಕೆಸರು ಮಾಡಿಕೊಳ್ಳದೆ ಮನೆಗೆ ಬಂದ ಎಂದರೆ ನಮ್ಮೂರಿನಲ್ಲಿ ಯಾರೂ ನಂಬುವುದಿಲ್ಲ. ನಾನಂತೂ ನಂಬುವ ಪೈಕಿಯೇ ಅಲ್ಲ. ನನ್ನ ಹೋಟೆಲಿಗೆ ಬಂದವರು ಮೊಟ್ಟೆ ತಾಜಾ ಇದೆಯಾ ಎಂದರೆ, “ಯಾಕೆ, ಯಾರು ಏನಂದ್ರು?” ಎಂದು ಕೇಳುವ ಹೆಂಗಸು ನಾನು. ನಮ್ಮಮ್ಮನೂ ಹೀಗೇ. ಚರ್ಚಿನಲ್ಲಿ ಎಲ್ಲರೂ ಕಣ್ಣು ಮುಚ್ಚಿ ಪ್ರಾರ್ಥಿಸುವಾಗ ಅವಳೊಬ್ಬಳು ಒಂದು ಕಣ್ಣು ತೆರೆದೇ ಇರುತ್ತಿದ್ದಳು, ಯಾರು ಮುಚ್ಚಿಲ್ಲ ಎಂದು ನೋಡಲು. ಹಾಗಾಗಿ ಓರ್ಲಿನ್ ಸ್ಕಾಡ್‌ಬರ್ಗ್‌ನ ಕಥೆ ಹೇಳಲು ನಮ್ಮೂರು ನೋರ್ಡಾಲಿನಲ್ಲಿ ನನಗಿಂತ ತಕ್ಕವರು ಇನ್ನೊಬ್ಬರಿಲ್ಲ. ಅವನ ಮೇಲೆ ನನಗಿದ್ದಷ್ಟು ಅನುಮಾನ ಅವನ ಎದುರು ಪಕ್ಷದವರಿಗೂ ಇರಲಿಲ್ಲ.

ಓರ್ಲಿನ್ ಗೋಧಿ ಬೆಳೆಯುವವನು. ಊರಿನ ಉತ್ತರಕ್ಕೆ, ಗಾಳಿ ತಡೆಯಲೆಂದು ಅವರಪ್ಪ ನೆಟ್ಟ ಮರಗಳ ಸಾಲಿನ ಹಿಂದೆ ಅವನ ಮನೆ. ಅವನನ್ನು ಚುನಾವಣೆಗೆ ನಿಲ್ಲಿಸಿದ್ದು ಪಕ್ಷವಲ್ಲ, ಹೆಂಡತಿ ಆರ್ಡಿಸ್. “ಮನೇಲಿ ಕೂತು ಸರ್ಕಾರಕ್ಕೆ ಬುದ್ಧಿ ಹೇಳ್ತೀಯಲ್ಲ, ಅಲ್ಲೇ ಹೋಗಿ ಹೇಳು. ಚಳಿಗಾಲ ಪೂರ್ತಿ ನನ್ನ ಕಿವಿಗೆ ರಜಾ ಸಿಗುತ್ತೆ” ಅಂದಳಂತೆ. ಅಮೆರಿಕದ ಈ ನಮ್ಮ ಡಕೋಟದ ಕಡೆ ಶಾಸನಸಭೆ ಸೇರುವುದು ವರ್ಷ ಬಿಟ್ಟು ವರ್ಷ, ಅದೂ ಹೊಲಗಳು ಹಿಮದಡಿ ಮಲಗಿರುವಾಗ. ಬಿತ್ತನೆಯ ಹೊತ್ತಿಗೆ ಎಲ್ಲರೂ ವಾಪಸು ಟ್ರಾಕ್ಟರಿನ ಮೇಲೆ ಇರಬೇಕು. ಕೆಲಸವಿಲ್ಲದ ಕಾಲದಲ್ಲಿ ಮಾಡುವ ಕೆಲಸವಾದ್ದರಿಂದ ಅದನ್ನು ಕೆಲಸವೆಂದು ನಮ್ಮಲ್ಲಿ ಯಾರೂ ಒಪ್ಪುವುದಿಲ್ಲ.

ಅವನು ಗೆದ್ದದ್ದು ಭಾಷಣದಿಂದಲ್ಲ, ಬೆರಳಿನಿಂದ. ಎದುರಿಗೆ ಗಾಡಿ ಬಂದರೆ ನಾವು ಸ್ಟೀರಿಂಗ್ ಮೇಲಿಂದ ಬೆರಳೆತ್ತುತ್ತೇವೆ. ಕೈ ಬೀಸುವುದಿಲ್ಲ. ಕೈ ಬೀಸುವವನು ಹೊರಗಿನವನಾಗಿರಬೇಕು, ಇಲ್ಲವೇ ವಿಮೆ ಮಾರುವವನಾಗಿರಬೇಕು. ಪರಿಚಯದವರಿಗೆ ಒಂದು ಬೆರಳು, ನಂಟರಿಗೂ ಆಪ್ತರಿಗೂ ಎರಡು. ಜಗಳವಾಡಿಕೊಂಡವನಿಗೆ ಏನೂ ಇಲ್ಲ. ಎರಡೂ ಕೈಯಲ್ಲಿ ಸ್ಟೀರಿಂಗ್ ಹಿಡಿದು ಮುಂದೆ ನೋಡುತ್ತ ಹೋಗಿಬಿಟ್ಟರೆ ಅದಕ್ಕಿಂತ ದೊಡ್ಡ ಬೈಗುಳ ನಮ್ಮಲ್ಲಿಲ್ಲ. ಅಣ್ಣತಮ್ಮಂದಿರು ಬೇಲಿಯ ವಿಷಯಕ್ಕೆ ಮನಸ್ತಾಪವಾಗಿ ಸಾಯುವವರೆಗೂ ಬೆರಳೆತ್ತದೆ ಓಡಾಡಿದ್ದನ್ನು ನಾನು ಕಂಡಿದ್ದೇನೆ. ಓರ್ಲಿನ್ ಮಾತ್ರ ದೂರದ ಧೂಳು ನೋಡಿಯೇ ಅದು ಯಾರ ಪಿಕಪ್ ಎಂದು ಹೇಳುತ್ತಿದ್ದ, ಅವರವರಿಗೆ ಸಲ್ಲಬೇಕಾದಷ್ಟೇ ಬೆರಳು ಸರಿಯಾಗಿ ಎತ್ತುತ್ತಿದ್ದ. ಕೆಟ್ಟವರಿಗೂ ಎತ್ತುತ್ತಿದ್ದ, ಎದುರು ಪಕ್ಷದವರಿಗೂ ಎತ್ತುತ್ತಿದ್ದ.

ಅವನು ಮಾಡಿಸಿದ ಕಾನೂನುಗಳನ್ನು ಕೇಳಿದರೆ ನಗು ಬರುತ್ತದೆ. ಪಕ್ಕದ ಹೊಲದವನು ಕಳೆ ಕೀಳದಿದ್ದರೆ ಏನು ಮಾಡಬೇಕು, ಜೇನುಪೆಟ್ಟಿಗೆ ಮನೆಯಿಂದ ಎಷ್ಟು ದೂರ ಇಡಬೇಕು, ಹಿಮ ತಳ್ಳುವ ಗಾಡಿ ಮೊದಲು ಯಾವ ರಸ್ತೆಗೆ ಹೋಗಬೇಕು, ಇಂಥವು. ತೊರೆಗೆ ಒಂದು ಸೇತುವೆ ಆಯಿತು. ಸಾವಾದ ಮನೆಗೆಲ್ಲ ಹೋಗುತ್ತಿದ್ದ. ಚರ್ಚಿನ ನೆಲಮಾಳಿಗೆಯಲ್ಲಿ ಹ್ಯಾಮ್ ಇಟ್ಟ ಬನ್ನು, ಆಲೂಗಡ್ಡೆ ಸಲಾಡು ತಿಂದು, ಪಾತ್ರೆ ತೊಳೆಯುವ ಹೆಂಗಸರ ಜೊತೆ ನಿಂತು ತಟ್ಟೆ ಒರೆಸುತ್ತಿದ್ದ. ನಾನು ಆಗಲೂ ನಮ್ಮವರ ಹತ್ತಿರ ಅಂದಿದ್ದೆ, “ಗಂಡಸು ತಟ್ಟೆ ಒರೆಸ್ತಾನೆ ಅಂದ್ರೆ ಏನೋ ಬೇಕಾಗಿದೆ ಅಂತಾನೇ ಅರ್ಥ.”

ಅವನ ಮನೆಯ ರಸ್ತೆಗೆ ಊರಿಗಿಂತ ಮುಂಚೆ ಜಲ್ಲಿ ಬಿದ್ದಾಗ ಹೇಗೆ ಎಂದು ಕೇಳಿದೆವು. ಹೊಸ ಪಿಕಪ್ ಬಂದಾಗ ದುಡ್ಡೆಲ್ಲಿಂದ ಎಂದು ಕೇಳಿದೆವು. ಜಿಲ್ಲಾ ಕೇಂದ್ರ ಕಾರ್ಬಿಗೆ ಹೋಗಿದ್ದಾಗ, ಗಾಡಿ ಮಾರುವವನ ಹತ್ತಿರ ಆ ಪಿಕಪ್ಪಿನ ಬಗ್ಗೆ ನಾನೇ ವಿಚಾರಿಸಿಕೊಂಡು ಬಂದೆ. ಅದು ಹೊಸದಲ್ಲ, ಯಾರೋ ಸತ್ತವರದ್ದು, ಬಣ್ಣ ಬಳಿಸಿದ್ದರು. ಆದರೂ ನನಗೆ ಸಮಾಧಾನವಾಗಲಿಲ್ಲ. ಹಳೆಯದಕ್ಕೆ ಹೊಸ ಬಣ್ಣ ಬಳಿಸುವವನು ಇನ್ನೇನೇನಕ್ಕೆ ಬಳಿಸಿಲ್ಲ ಎಂದು ಯೋಚಿಸುವಂತಾಯಿತು.

ಮೂರು ವರ್ಷದ ಹಿಂದೆ ಒಂದು ಬದಲಾವಣೆ ಕಂಡಿತು. ಓರ್ಲಿನ್ ಮುಖ ಕೊಟ್ಟು ಮಾತಾಡುವುದನ್ನು ಬಿಟ್ಟ. ಮಾತಾಡುವಾಗ ನನ್ನ ಕಿವಿಯ ಪಕ್ಕ ನೋಡುತ್ತಿದ್ದ, ಹಿಂದೆ ಯಾರೋ ನಿಂತಿದ್ದಾರೇನೋ ಎಂಬಂತೆ. ಮೊದಮೊದಲು ತಿರುಗಿ ನೋಡಿದ್ದೂ ಉಂಟು. ಹೋಟೆಲಿನೊಳಗೆ ಬಂದವನು ಬಾಗಿಲಲ್ಲೇ ಸ್ವಲ್ಪ ನಿಂತು, ಯಾರಾದರೂ ಮಾತಾಡಿದ ಮೇಲೆಯೇ ಹೆಸರು ಹಿಡಿದು ಕರೆಯುತ್ತಿದ್ದ. ಹಲಗೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿದ್ದರೂ ಇವತ್ತು ಏನು ಸೂಪು ಎಂದು ಕೇಳುತ್ತಿದ್ದ. ಬೆರಳಂತೂ ಎಲ್ಲರಿಗೂ ಎತ್ತತೊಡಗಿದ. ನಂಟ, ಪರಿಚಯದವ, ದಾರಿಹೋಕ ಎಂಬ ಭೇದವಿಲ್ಲದೆ ಎಲ್ಲರಿಗೂ ಒಂದೇ ಬೆರಳು. ಅವನ ಸ್ವಂತ ತಂಗಿಯ ಗಂಡನಿಗೂ ಒಂದೇ ಬಿದ್ದು, ಆತ ಕ್ರಿಸ್‌ಮಸ್ ಊಟಕ್ಕೆ ಹೋಗಲಿಲ್ಲ.

“ದೊಡ್ಡವನಾಗ್ಬಿಟ್ಟ” ಎಂದರು ಕೆಲವರು. ನಾನು ಅಂದೆ, “ದೊಡ್ಡವನಾದೋನು ಎದುರಿಗೆ ನೋಡ್ತಾನೆ. ಪಕ್ಕಕ್ಕೆ ನೋಡೋನು ಏನೋ ಮುಚ್ಚಿಡ್ತಿದಾನೆ.” ಈ ಮಾತು ಊರಲ್ಲಿ ಚೆನ್ನಾಗಿ ಓಡಿತು.

ನಮ್ಮ ಊರಿನ ವೃದ್ಧಾಶ್ರಮ ಚಿಕ್ಕದು. ಒಂದೇ ಅಂತಸ್ತು, ಎದುರಿಗೆ ಲೈಲಾಕ್ ಹೂವಿನ ಗಿಡಗಳು. ಪಾರ್ಶ್ವವಾಯು ಬಡಿದು ಎಡಗೈ ಎಡಗಾಲು ಬಿದ್ದುಹೋದ ಮೇಲೆ ಆರ್ಡಿಸ್ ಅಲ್ಲೇ ಇದ್ದಳು. ನಾಲಿಗೆಗೆ ಏನೂ ಆಗಿರಲಿಲ್ಲ. ಡ್ವೇನ್ ಫೆಟ್ಟಿಗ್‌ನ ತಾಯಿ ಫಿಲೋಮಿನಾ ಪಕ್ಕದ ಕೋಣೆಯಲ್ಲಿದ್ದಳು. ಡ್ವೇನ್ ಧಾನ್ಯದ ಗೋದಾಮಿನಲ್ಲಿ ಲಾರಿ ತೂಗುವವನು. ಮಧ್ಯಾಹ್ನದ ಊಟದ ಬಿಡುವಿನಲ್ಲಿ ರಸ್ತೆ ದಾಟಿ ಹೋಗಿ, ಅಮ್ಮನಿಗೆ ಸೂಪು ಕುಡಿಸಿ ಬರುತ್ತಿದ್ದ. ಹೆಂಡತಿ ಮಕ್ಕಳಿಲ್ಲದ ಅವನಿಗೆ ನನ್ನ ಹೋಟೆಲು ಬಿಟ್ಟರೆ ದಿನದಲ್ಲಿ ಮನುಷ್ಯರ ಜೊತೆ ಕೂರುವ ಹೊತ್ತು ಅದೊಂದೇ.

ಇಂಥ ಸಣ್ಣ ಊರುಗಳ ಆಶ್ರಮಗಳನ್ನು ನಡೆಸಲು ಹಣ ಸಾಲದಾದಾಗ ರಾಜಧಾನಿಯಲ್ಲಿ ಒಂದು ಮಸೂದೆ ಬಂತು. ಪಾಸಾದರೆ ಉಳಿಯುತ್ತವೆ, ಬಿದ್ದರೆ ಮುಚ್ಚುತ್ತವೆ. ನಮ್ಮ ಓರ್ಲಿನ್ ಸಭೆಯಲ್ಲೇ ಇದ್ದಾನಲ್ಲ, ಅವನ ಹೆಂಡತಿಯೇ ಆಶ್ರಮದಲ್ಲಿದ್ದಾಳಲ್ಲ ಎಂದು ಊರು ನಿಶ್ಚಿಂತೆಯಾಗಿತ್ತು. ಅಧಿವೇಶನದ ಕಡೆಯ ದಿನ ಮತಕ್ಕೆ ಹಾಕಿದರು. ಅಲ್ಲಿ ಮೇಜಿನಲ್ಲಿ ಒತ್ತಿದರೆ ಗೋಡೆಯ ಮೇಲೆ ಹೆಸರಿನ ಮುಂದೆ ದೀಪ ಹತ್ತುತ್ತದೆ, ಬೇಕೆಂದರೆ ಹಸಿರು, ಬೇಡವೆಂದರೆ ಕೆಂಪು. ಒಂದೇ ಒಂದು ಮತ ಕಡಿಮೆಯಾಗಿ ಬಿದ್ದುಹೋಯಿತು. ಮಾರನೆಯ ಮಧ್ಯಾಹ್ನ ರೇಡಿಯೊದಲ್ಲಿ ವಿರೋಧವಾಗಿ ಮತ ಹಾಕಿದವರ ಹೆಸರು ಓದಿದರು. ನಾನು ಗಲ್ಲಾದ ಹಿಂದೆ ನಿಂತು ಕೇಳುತ್ತಿದ್ದೆ. ಹೋಟೆಲು ತುಂಬಿತ್ತು. ಸ್ಕಾಡ್‌ಬರ್ಗ್, ನೋರ್ಡಾಲ್ ಎಂದು ಓದಿದಾಗ, ಅಮ್ಮನಿಗೆ ಸೂಪು ಕುಡಿಸಿ ಬಂದು ಊಟಕ್ಕೆ ಕೂತಿದ್ದ ಡ್ವೇನ್ ಕೈಯಲ್ಲಿದ್ದ ಚಮಚ ಹಾಗೇ ನಿಂತಿತು.

ಆವತ್ತೇ ಸಂಜೆಗೆ ಮುಂಚೆ ಓರ್ಲಿನ್ ರಾಜಧಾನಿಯಿಂದ ಬಂದ. ನೇರವಾಗಿ ಹೋಟೆಲಿಗೆ ಬಂದು ಬಾಗಿಲಲ್ಲಿ ನಿಂತ. ಯಾರೂ ಮಾತಾಡಲಿಲ್ಲ. ಅವನೇ ಶುರು ಮಾಡಿದ.

“ಒಂದೇ ಒಂದು ಮತ ಕಣ್ರೋ! ಒಂದೇ ಒಂದು! ಯಾವ ನಾಯಿ ಅದು ಅಂತ ನನಗೆ ಗೊತ್ತಾಗ್ಬೇಕು. ಸಿಕ್ಕಿದ್ರೆ ಕತ್ತು ಹಿಡಿದು ಕೇಳ್ತೀನಿ, ನಿನಗೆ ತಾಯಿ ಇಲ್ವೇನೋ, ಹೆಂಡ್ತಿ ಇಲ್ವೇನೋ ಅಂತ.”

ಇಷ್ಟು ವರ್ಷ ಹೋಟೆಲು ನಡೆಸಿದ್ದೇನೆ, ಇಂಥ ಭಂಡತನ ಕಂಡಿರಲಿಲ್ಲ. ಕೆಲಸ ಮುಗಿಸಿ ಮತ್ತೆ ಬಂದಿದ್ದ ಡ್ವೇನ್ ಎದ್ದು ಅವನ ಹತ್ತಿರ ಹೋಗಿ, ಬಹಳ ಮರ್ಯಾದೆಯಿಂದ ಕೇಳಿದ, “ಶಾಸಕರೇ, ಆ ನಾಯಿ ಹೆಸರು ರೇಡಿಯೊದಲ್ಲಿ ಬಂತು. ಕೇಳಿಸ್ಕೊಂಡಿಲ್ವಾ ತಾವು?”

“ಇಲ್ಲ. ಯಾರದು?”

“ತಮ್ಮದೇ. ತಮ್ಮ ಹೆಸರಿನ ಮುಂದೆ ಕೆಂಪು ದೀಪ ಹತ್ತಿತ್ತಂತೆ.”

ಓರ್ಲಿನ್ ಡ್ವೇನ್‌ನ ಕಿವಿಯ ಪಕ್ಕಕ್ಕೆ ನೋಡಿದ. ಬಲಗೈಯ ತೋರುಬೆರಳನ್ನು ಹೆಬ್ಬೆರಳಿನಿಂದ ಉಜ್ಜಿಕೊಂಡ. ಆಮೇಲೆ “ಹೌದಾ” ಅಂದು ಟೋಪಿ ಹಾಕಿಕೊಂಡು ಹೊರಟುಹೋದ. ಬಾಗಿಲ ಚೌಕಟ್ಟಿಗೆ ಭುಜ ತಾಗಿಸಿಕೊಂಡು ಹೋದದ್ದನ್ನು ಎಲ್ಲರೂ ನೋಡಿದೆವು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಹಾಗೆಯೇ ಅನ್ನಿಸಿತು.

ಅಂದಿನಿಂದ ಊರಿನಲ್ಲಿ ಅವನನ್ನು ಓರ್ಲಿನ್ ಎಂದು ಕರೆಯುವವರೇ ಇಲ್ಲವಾದರು. ಎಲ್ಲರ ಬಾಯಲ್ಲೂ ‘ಶಾಸಕರೇ’, ‘ತಾವು’, ‘ತಮ್ಮ ಚಿತ್ತ’. ಅವನು ಒಂದು ಮಾತನ್ನೂ ಎದುರಾಡಲಿಲ್ಲ. ತಪ್ಪಾಯಿತು ಎನ್ನಲಿಲ್ಲ, ಸುಳ್ಳು ಎಂದೂ ಎನ್ನಲಿಲ್ಲ. ಸುಮ್ಮನಿರುವವನನ್ನು ಕಂಡರೆ ನನಗೆ ಇನ್ನೂ ಅನುಮಾನ.

ಬೇಸಿಗೆ ಮುಗಿಯುವ ಹೊತ್ತಿಗೆ ಆಶ್ರಮ ಮುಚ್ಚಿತು. ಇದ್ದವರನ್ನೆಲ್ಲ ನಲವತ್ತು ಮೈಲಿ ದೂರದ ಕಾರ್ಬಿಗೆ, ಅಲ್ಲಿನ ಹೊಸ ದೊಡ್ಡ ಆಶ್ರಮಕ್ಕೆ ಸಾಗಿಸಿದರು. ಫಿಲೋಮಿನಾ ಫೆಟ್ಟಿಗ್ ಅಲ್ಲಿ ಸೂಪಿಗೆ ಬಾಯಿ ತೆರೆಯಲಿಲ್ಲವಂತೆ. ಡ್ವೇನ್ ಭಾನುವಾರ ಮಾತ್ರ ಹೋಗಬಲ್ಲವನಾಗಿದ್ದ. ಗೋಧಿ ಕೊಯ್ಲು ಮುಗಿಯುವ ಮುಂಚೆ ಅವಳು ಹೋಗಿಬಿಟ್ಟಳು. ಆ ಸಾವಿಗೆ ಓರ್ಲಿನ್ ಬಂದ. ತಟ್ಟೆ ಒರೆಸಲು ನಿಂತವನ ಕೈಯಿಂದ ಹೆಂಗಸರು ಬಟ್ಟೆ ಕಿತ್ತುಕೊಂಡರು. ಕಿತ್ತುಕೊಂಡವಳು ನಾನೇ.

ಆರ್ಡಿಸ್‌ಗೆ ಕಾರ್ಬಿಯಲ್ಲಿ ಕಿಟಕಿ ಇರುವ, ಒಬ್ಬಳೇ ಇರುವ ಕೋಣೆ ಸಿಕ್ಕಿತು ಎಂಬ ಸುದ್ದಿ ಬಂದದ್ದೇ ತಡ, ಲೆಕ್ಕ ಸರಿಹೋಯಿತು.

“ಅದೇ ಬೆಲೆ,” ಅಂದ ಡ್ವೇನ್. “ನಮ್ಮಮ್ಮನ್ನ ಕೊಟ್ಟು ಕಿಟಕಿ ತಗೊಂಡ.”

ಅಲ್ಲಿ ಕೆಲಸ ಮಾಡುವ ನನ್ನ ಅಕ್ಕನ ಸೊಸೆ ಇನ್ನೊಂದು ವಿಷಯ ಹೇಳಿದಳು. ಓರ್ಲಿನ್ ದಿನಾ ಬರುತ್ತಾನಂತೆ. ಆರ್ಡಿಸ್ ಅವನ ಜೊತೆ ಮಾತಾಡುವುದಿಲ್ಲವಂತೆ. ಅವನು ಬಂದ ಕೂಡಲೇ ಮುಖವನ್ನು ಗೋಡೆಯ ಕಡೆ ತಿರುಗಿಸುತ್ತಾಳಂತೆ. ಅವನು ಕುರ್ಚಿಯಲ್ಲಿ ಕೂತು ಹೊಲದ ಸುದ್ದಿ, ಮಳೆಯ ಸುದ್ದಿ ಗೋಡೆಗೆ ಹೇಳಿ, ಹೊತ್ತು ಇರುವಾಗಲೇ ಎದ್ದು ಹೋಗುತ್ತಾನಂತೆ. “ಹೆಂಡ್ತಿಗೇ ಗೊತ್ತಲ್ಲ ಅವನ ಬಂಡವಾಳ” ಎಂದೆ ನಾನು. ಊರಿನ ಅನುಮಾನಕ್ಕೆ ಮನೆಯವಳ ಸಾಕ್ಷಿಯೂ ಸಿಕ್ಕಂತಾಯಿತು.

ಆದರೆ ನನಗೆ ಒಂದು ಚುಚ್ಚುತ್ತಿತ್ತು. ಮುಖ ತಿರುಗಿಸುವವಳ ಹತ್ತಿರ ದಿನಾ ಯಾಕೆ ಹೋಗುತ್ತಾನೆ? ಇನ್ನೊಂದು, ಹೆದ್ದಾರಿ ನೇರ ಇರುವಾಗ ಅವನು ಹೊಲಗಳ ನಡುವಿನ ಜಲ್ಲಿ ರಸ್ತೆಗಳಲ್ಲಿ ಹೋಗುತ್ತಾನೆಂದು ಅಂಚೆಯವಳು ಹೇಳಿದ್ದಳು. ಹೆದ್ದಾರಿ ಬಿಟ್ಟು ಅಡ್ಡದಾರಿ ಹಿಡಿಯುವವನು ಸುಮ್ಮನೆ ಹಿಡಿಯುವುದಿಲ್ಲ. ದಾರಿಯಲ್ಲಿ ಯಾರನ್ನೋ ಕಾಣುತ್ತಾನೆ, ಆ ಹೊಸ ಆಶ್ರಮದ ಮಾಲೀಕನೇ ಇರಬೇಕು ಎಂದು ತೀರ್ಮಾನಿಸಿದೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತಾರೆ. ನಾನಿನ್ನೂ ಪ್ರತ್ಯಕ್ಷವೂ ಕಂಡಿರಲಿಲ್ಲ.

ಮೊದಲ ಹಿಮ ಬೀಳುವ ಮುಂಚಿನ ಒಂದು ಬೆಳಿಗ್ಗೆ ಹೋಟೆಲನ್ನು ಅಡುಗೆಯವಳಿಗೆ ಒಪ್ಪಿಸಿ ಹೊರಟೆ. ನನ್ನ ಗಾಡಿ ಅವನಿಗೆ ಗೊತ್ತು, ಅದಕ್ಕೆ ಅಣ್ಣನ ಮಗನ ಕಾರು ತಂದೆ. ಗುರುತು ಸಿಗದಿರಲಿ ಎಂದು ತೀರಿಹೋದ ನಮ್ಮವರ ಕಂದು ಕೋಟು ಹಾಕಿಕೊಂಡು, ಅಗಲ ಅಂಚಿನ ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡೆ. ಈ ವೇಷ ನೆನೆಸಿಕೊಂಡರೆ ಈಗಲೂ ನನಗೇ ನಾಚಿಕೆಯಾಗುತ್ತದೆ.

ಅವನ ಪಿಕಪ್ ಮರಗಳ ಸಾಲಿನಿಂದ ಹೊರಗೆ ಬಂತು. ನಾನು ದೂರದಿಂದ ಹಿಂಬಾಲಿಸಿದೆ. ಆಮೆಯಂತೆ ಹೋಗುತ್ತಿದ್ದ. ಬಲಗಡೆಯ ಚಕ್ರ ರಸ್ತೆಯಂಚಿನ ಜಲ್ಲಿಯ ದಿಬ್ಬದ ಮೇಲೇ ಉರುಳುತ್ತಿತ್ತು, ಆ ಗರಗರ ಸದ್ದು ನನಗೂ ಕೇಳುತ್ತಿತ್ತು. ಕುಡಿದಿದ್ದಾನಾ ಎಂದು ಹತ್ತಿರ ಹೋದೆ. ಹಿಂದಿನ ಗಾಜಿನಿಂದ ಅವನ ತಲೆ, ಸ್ಟೀರಿಂಗ್ ಮೇಲಿನ ಕೈ ಚೆನ್ನಾಗಿ ಕಾಣುತ್ತಿದ್ದವು.

ರಸ್ತೆ ಪಕ್ಕದಲ್ಲಿ ಯಾರೋ ಹುಲ್ಲಿನ ದೊಡ್ಡ ಉಂಡೆಯನ್ನು ಬಿಳಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ನಿಲ್ಲಿಸಿದ್ದರು. ಓರ್ಲಿನ್ ಅದರ ಹತ್ತಿರ ಬಂದಾಗ ತೋರುಬೆರಳು ಎತ್ತಿದ.

ನಾನು ಆಚೀಚೆ ನೋಡಿದೆ. ಒಂದು ನರಪಿಳ್ಳೆಯೂ ಇಲ್ಲ. ಮುಂದೆ ಅಂಚೆಪೆಟ್ಟಿಗೆಗಳ ಗುಂಪು ಬಂತು, ಅದಕ್ಕೂ ಬೆರಳು. ಮುರಿದು ನಿಂತಿದ್ದ ಯಾವುದೋ ಹಳೆಯ ಯಂತ್ರ, ಅದಕ್ಕೂ.

ನಾಲ್ಕು ದಾರಿ ಕೂಡುವಲ್ಲಿ ಅವನು ಗಾಡಿ ನಿಲ್ಲಿಸಿ, ಎಂಜಿನ್ ಆರಿಸಿ, ಕಿಟಕಿ ಇಳಿಸಿದ. ಎರಡೂ ಕಡೆ ಕಿವಿಗೊಟ್ಟು ಕೇಳುತ್ತ ಕೂತ. ನಾನು ಇಳಿದು ಹೋಗಿ ಅವನ ಕಿಟಕಿಯ ಮುಂದೆ, ಕೈಗೆ ಸಿಗುವಷ್ಟು ಹತ್ತಿರ ನಿಂತೆ. ಬೇಕೆಂದೇ ಬಾಯಿ ಬಿಡಲಿಲ್ಲ. ಅವನು ನನ್ನ ಟೋಪಿಯ ಅಂಚಿನಾಚೆ ಎಲ್ಲೋ ನೋಡಿ, ಮೈ ಮುದುಡಿಕೊಂಡು, “ನಮಸ್ಕಾರ ಡೆಪ್ಯುಟಿ ಸಾಹೇಬ್ರೆ. ಏನಾದ್ರೂ ತಪ್ಪಾಯ್ತಾ?” ಅಂದ.

ಎಷ್ಟೋ ವರ್ಷದಿಂದ ದಿನಾ ಕಾಫಿ ಬಗ್ಗಿಸಿಕೊಟ್ಟವಳನ್ನು ಕಂದು ಕೋಟು, ಅಗಲ ಟೋಪಿಯ ಆಕಾರ ಕಂಡು ಅವನು ಪೊಲೀಸಿನವನೆಂದು ತಿಳಿದಿದ್ದ. ಕುರುಡನ ಎದುರು ನಾನು ವೇಷ ಹಾಕಿಕೊಂಡು ನಿಂತಿದ್ದೆ.

“ಓರ್ಲಿನ್, ನಾನು ಕಣೋ. ಮರ್ಲಿಸ್.”

ಅವನು ಸ್ಟೀರಿಂಗ್ ಮೇಲಿನ ಕೈ ಕೆಳಗಿಳಿಸಿದ. “ಯಾವಾಗಿಂದ ಹಿಂದೆ ಬರ್ತಿದೀಯ?”

“ಹುಲ್ಲುಂಡೆಗೆ ನಮಸ್ಕಾರ ಹಾಕಿದ್ಯಲ್ಲ, ಅದಕ್ಕೂ ಮುಂಚಿಂದ.”

“ಅದು ಹುಲ್ಲಾ?” ಅಂದ. “ಬಿಳೀ ಗಾಡಿ ಅಂದ್ಕೊಂಡೆ.”

ಆಮೇಲೆ ಅವನೇ ಹೇಳಿದ. ಕಣ್ಣಿನ ನಡುಮಧ್ಯೆ ಮಸಿ ಬಳಿದ ಹಾಗಂತೆ. ಅಂಚಿನಲ್ಲಿ ಅಷ್ಟಿಷ್ಟು ಕಾಣುತ್ತದಂತೆ. ನನ್ನ ಮುಖ ನೋಡಬೇಕೆಂದರೆ ಮುಖ ಬಿಟ್ಟು ಕಿವಿಯ ಪಕ್ಕ ನೋಡಬೇಕಂತೆ.

“ಮತ್ತೆ ಆ ಮತ?” ಎಂದೆ. ನಾನು ಬಿಡುವವಳಲ್ಲ.

“ಮೊದಲು ಮೇಜಿನ ಮೇಲೆ ಉಬ್ಬಿರೋ ಗುಂಡಿಗಳಿದ್ವು. ಕತ್ತಲಲ್ಲೂ ಒತ್ತಬಹುದಿತ್ತು. ಈ ಸಲ ಎಲ್ಲಾ ಕಿತ್ತು ಗಾಜಿನ ಹಲಗೆ ಹಾಕಿದ್ರು. ನುಣ್ಣಗೆ, ಬೆರಳಿಗೆ ಗುರುತೇ ಇಲ್ಲ. ಅಂಚಿಂದ ಹೆಬ್ಬೆರಳಲ್ಲಿ ಅಳೆದು ಹಸಿರು ಒತ್ತುತಿದ್ದೆ. ಅವತ್ತೂ ಅಳೆದೆ ಕಣೆ. ಹಸಿರೇ ಅಂದ್ಕೊಂಡೆ. ಗೋಡೆ ಮೇಲಿನ ದೀಪ ನನಗೆಲ್ಲಿ ಕಾಣ್ಬೇಕು? ಹೊರಗೆ ಬರೋವಾಗ ಯಾರೋ ಬೆನ್ನು ತಟ್ಟಿ ಧೈರ್ಯ ಮಾಡ್ದೆ ಅಂದ. ನಾನು ಹೊಗಳ್ದ ಅಂತ ಹಿಗ್ಗಿ, ಬೇರೆ ಯಾರನ್ನೋ ಬೈಕೊಂಡು ನಿನ್ನ ಹೋಟ್ಲಿಗೆ ಬಂದೆ.”

“ಅಯ್ಯೋ ಪುಣ್ಯಾತ್ಮ, ಆಗ್ಲೇ ಹೇಳ್ಬಾರ್ದಿತ್ತಾ? ಊರೆಲ್ಲ ಕಳ್ಳ ಅಂತಿದೆಯಲ್ಲೋ!”

“ಕಳ್ಳ ಅಂದ್ರೆ ಲೈಸೆನ್ಸು ಕಿತ್ಕೊಳಲ್ಲ ಮರ್ಲಿಸ್. ಕುರುಡ ಅಂದ್ರೆ ಕಿತ್ಕೊತಾರೆ. ಆಮೇಲೆ ಆರ್ಡಿಸ್ ಹತ್ರ ಹೇಗೆ ಹೋಗ್ಲಿ?”

“ಅವಳಿಗಾದ್ರೂ ಹೇಳು.”

“ಹೇಳಿದ್ರೆ ನಾಳೆಯಿಂದ ಗಾಡಿ ಮುಟ್ಬೇಡ ಅಂತಾಳೆ. ಬೈದು ಬರದ ಹಾಗೆ ಮಾಡೋದಕ್ಕಿಂತ, ಗೋಡೆ ಕಡೆ ತಿರುಗಿ ಮಲಗ್ಲಿ. ಉಸಿರಾದ್ರೂ ಕೇಳುತ್ತಲ್ಲ.”

ನನಗೆ ಅಳು ಬಂತು, ಅದಕ್ಕಿಂತ ಹೆಚ್ಚಾಗಿ ಕೋಪ ಬಂತು. ಶಾಲೆಯ ಬಸ್ಸು ಓಡಾಡುವ ರಸ್ತೆ ಅದು. “ಯಾರದಾದ್ರೂ ಮಕ್ಕಳನ್ನ ಹುಲ್ಲುಂಡೆ ಅಂದ್ಕೊಂಡಿದ್ರೆ?” ಎಂದು ಕೂಗಿಬಿಟ್ಟೆ. ಅವನು ತಲೆ ತಗ್ಗಿಸಿದ. ಬೀಗದ ಕೈ ಕಿತ್ತುಕೊಂಡು, ಅವನನ್ನು ಪಕ್ಕಕ್ಕೆ ತಳ್ಳಿ ನಾನೇ ಸ್ಟೀರಿಂಗ್ ಹಿಡಿದೆ. ಅಣ್ಣನ ಮಗನ ಕಾರು ಅಲ್ಲೇ ನಾಲ್ಕು ದಾರಿಯಲ್ಲಿ ನಿಂತಿತ್ತು.

ದಾರಿಯುದ್ದಕ್ಕೂ ನನ್ನ ತಲೆಯಲ್ಲಿ ಒಂದೇ ಯೋಚನೆ. ಇದೂ ನಾಟಕವಿರಬಹುದಾ? ರಾಜಕಾರಣಿ ಅಲ್ಲವಾ? ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ, ನನ್ನದು.

ಕಾರ್ಬಿಯ ಆ ಕೋಣೆಗೆ ಕಿಟಕಿ ಇದ್ದದ್ದು ನಿಜ. ಒಬ್ಬಳೇ ಇದ್ದದ್ದೂ ನಿಜ. ಆರ್ಡಿಸ್ ಜೊತೆಗೆ ಹಾಕಿದ ಇಬ್ಬರು ಮುದುಕಿಯರೂ ಅವಳ ನಾಲಿಗೆಗೆ ಹೆದರಿ ಬೇರೆ ಕಡೆ ಹೋಗಿದ್ದರಂತೆ. ಆ ಕಿಟಕಿಯ ಬೆಲೆ ಅಷ್ಟೇ. ನಮ್ಮನ್ನು ಕಂಡವಳೇ ಅವಳು ಗೋಡೆಯ ಕಡೆ ತಿರುಗಿದಳು.

“ಆರ್ಡಿಸ್,” ಎಂದೆ, “ನಿನ್ನ ಗಂಡನಿಗೆ ಕಣ್ಣು ಕಾಣಲ್ಲ. ಆ ಗುಂಡಿ ಅವನಿಗೆ ಕಾಣ್ಲಿಲ್ಲ.”

ಅವಳು ನಿಧಾನವಾಗಿ ಹೊರಳಿದಳು. ಅವಳೂ ನಮ್ಮೂರಿನವಳೇ, ಸುಮ್ಮನೆ ನಂಬುತ್ತಾಳಾ? ಸರಿಯಿದ್ದ ಬಲಗೈಯನ್ನು ಹೊದಿಕೆಯಿಂದ ಹೊರಗೆ ತೆಗೆದು ಎರಡು ಬೆರಳು ಎತ್ತಿ ಅವನ ಮುಖದ ಮುಂದೆ ಹಿಡಿದಳು.

“ಎಷ್ಟು?”

ಓರ್ಲಿನ್‌ನ ಮುಖ ಅರಳಿತು. ಅವಳ ದನಿ ಕೇಳಿ ಎಷ್ಟು ತಿಂಗಳಾಗಿತ್ತೋ. ಬೆರಳಿನ ಕಡೆ ಅವನ ಗಮನವೇ ಇರಲಿಲ್ಲ. “ಏನೋ ಹಿಡಿದಿದೀಯ, ಕಾಣ್ತಾ ಇಲ್ಲ,” ಅಂದ. “ಮತ್ತೆ ಮಾತಾಡು.”

ಅವಳ ಎರಡು ಬೆರಳು ಹಾಗೇ ನಿಂತಿದ್ದವು. ಆಮೇಲೆ ಶುರುವಾಯಿತು ನೋಡಿ. “ದಡ್ಡ ಮುಂಡೇದೇ! ಈ ಕಣ್ಣಿಟ್ಕೊಂಡು ದಿನಾ ಗಾಡಿ ಓಡಿಸ್ಕೊಂಡು ಬಂದ್ಯಾ? ಸತ್ತಿದ್ರೆ? ಯಾರನ್ನಾದ್ರೂ ಸಾಯಿಸಿದ್ರೆ? ಆ ಫಿಲೋಮಿನಾ ನನ್ನ ಕೈ ಹಿಡ್ಕೊಂಡು ಅಳ್ತಿದ್ಲು, ನಿನ್ನ ಗಂಡ ಯಾಕೆ ಹೀಗೆ ಮಾಡ್ದ ಅಂತ. ಏನು ಹೇಳ್ಲಿ ನಾನು? ಗೋಡೆ ನೋಡ್ಕೊಂಡು ಮಲಗೋ ಹಾಗೆ ಮಾಡ್ದೆ ನನ್ನ!” ದಾದಿಯರು ಓಡಿಬಂದರು. ಅವಳು ನಿಲ್ಲಿಸಲಿಲ್ಲ. ಅವನು ಕುರ್ಚಿಯನ್ನು ಹತ್ತಿರ ಎಳೆದುಕೊಂಡು, ಬೈಗುಳವನ್ನೆಲ್ಲ ಕಣ್ಣು ತುಂಬಿಕೊಂಡು ಕೇಳುತ್ತ ಕೂತ. ನಾನು ಕಾರಿಡಾರಿಗೆ ಹೋಗಿ ಟೋಪಿ ತೆಗೆದೆ.

ಮಾರನೆಯ ವಾರ ಓರ್ಲಿನ್ ಶಾಸಕ ಸ್ಥಾನ ಬಿಟ್ಟ. ಊರಿಗೆ ನಾನು ಹೇಳುತ್ತೇನೆಂದರೆ ಒಪ್ಪಲಿಲ್ಲ. ಹೋಟೆಲಿಗೆ ಬಂದು, ಬಾಗಿಲಲ್ಲೇ ನಿಂತು, ತಾನೇ ಹೇಳಿದ. “ಆ ಕೆಂಪು ದೀಪ ನಂದೇ. ಮಾರ್ಕೊಂಡಿಲ್ಲ. ಕಾಣ್ಲಿಲ್ಲ. ಕಾಣಲ್ಲ ಅಂತ ಗೊತ್ತಿದ್ದೂ ಆ ಕುರ್ಚಿ ಬಿಡ್ಲಿಲ್ಲ, ಅದು ನನ್ನ ತಪ್ಪು.”

ಕೆಲವರು ಎದ್ದು ಕೈ ಹಿಡಿದರು. ಕೆಲವರು ಕಾಫಿ ನೋಡುತ್ತ ಕೂತರು. “ಸರಿಯಾದ ಸಮಯಕ್ಕೆ ಕಣ್ಣು ಹೋಯ್ತು” ಎಂದು ಮೂಲೆಯಲ್ಲಿ ಒಬ್ಬ ಗೊಣಗಿದ. ಅಂಥವರಿಗೆ ಡಾಕ್ಟರು ಬಂದು ಹೇಳಿದರೂ ಅಷ್ಟೇ.

ಡ್ವೇನ್ ಎದ್ದ. ಈ ಸಲ ತಾವು ಎನ್ನಲಿಲ್ಲ, ಶಾಸಕರೇ ಎನ್ನಲಿಲ್ಲ. “ನಮ್ಮಮ್ಮ ಹೋಗಿದ್ದು ನಿನ್ನ ದುಡ್ಡಿನಾಸೆಗೆ ಅಂತ ತಿಳ್ಕೊಂಡಿದ್ದೆ ಓರ್ಲಿನ್. ಅಲ್ಲ, ನಿನ್ನ ಬೆರಳು ಜಾರಿದ್ದಕ್ಕೆ ಅಂತೀಯ. ಯಾವುದು ವಾಸಿ? ನೀನೇ ಹೇಳು.”

ಡ್ವೇನ್ ಕಾಫಿ ಮುಟ್ಟದೆ ಹೋದ.

ಈಗ ಅವನನ್ನು ಕಾರ್ಬಿಗೆ ಕರೆದುಕೊಂಡು ಹೋಗಲು ಸರದಿ ಮಾಡಿಕೊಂಡಿದ್ದೇವೆ. ಮಂಗಳವಾರ ನನ್ನದು. ಹೆದ್ದಾರಿಯಲ್ಲೇ ಹೋಗುತ್ತೇವೆ. ಅವನು ಪಕ್ಕದಲ್ಲಿ ಕೂತು ಬಲಗೈಯನ್ನು ಗಾಡಿಯ ಮುಂದಿನ ಗಾಜಿನ ಕೆಳಗಿನ ಹಲಗೆಯ ಮೇಲಿಟ್ಟುಕೊಳ್ಳುತ್ತಾನೆ. ಎದುರಿಗೆ ಸದ್ದು ಕೇಳಿದರೆ “ಯಾರು?” ಅನ್ನುತ್ತಾನೆ. ನಾನು ಹೆಸರು ಹೇಳುತ್ತೇನೆ. ಅವನು ಅವರವರಿಗೆ ಸಲ್ಲಬೇಕಾದಷ್ಟು ಬೆರಳು ಎತ್ತುತ್ತಾನೆ. ತಂಗಿಯ ಗಂಡನಿಗೆ ಮತ್ತೆ ಎರಡು ಸಿಗುತ್ತಿದೆ.

ಹೋದ ಮಂಗಳವಾರ ತೊರೆಯ ಸೇತುವೆ ಹತ್ತಿರ, ಅವನೇ ಮಾಡಿಸಿದ ಸೇತುವೆ, ಎದುರಿಗೆ ಒಂದು ಹಸಿರು ಪಿಕಪ್ ಬಂತು.

“ಯಾರು?”

ಸುಳ್ಳು ಹೇಳಬಹುದಿತ್ತು. “ಡ್ವೇನ್” ಎಂದೆ.

ಅವನು ಸ್ವಲ್ಪ ತಡೆದು, ಒಂದು ಬೆರಳು ಎತ್ತಿದ. ಪಿಕಪ್ ನಮ್ಮನ್ನು ದಾಟಿತು. ಡ್ವೇನ್ ಎರಡೂ ಕೈಯಲ್ಲಿ ಸ್ಟೀರಿಂಗ್ ಹಿಡಿದುಕೊಂಡು ಮುಂದೆ ನೋಡುತ್ತ ಹೋದ.

“ಎತ್ತಿದ್ನಾ?” ಎಂದು ಓರ್ಲಿನ್ ಕೇಳಿದ.

“ಎತ್ತಿದ,” ಎಂದೆ.

“ಎಷ್ಟು?”

“ಒಂದು.”

ಅವನು ಬೆರಳನ್ನು ಮಡಚಿ ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡ. “ಎರಡು ಅಂದಿದ್ರೆ ನಂಬ್ತಿರ್ಲಿಲ್ಲ ಕಣೆ,” ಅಂದ.